ಕೇಳಸ್ತೈತಾ

ನಿಟುವಳ್ಳಿಯ ನನ್ನ ಪಾರ್ಲರಿನಲ್ಲಿ
ಹೊಸ ಕನ್ನಡಿಗೆ ಇನ್ನೂ ಮಾತು ಬಂದಿಲ್ಲ.

ಬೇಕಾದ್ದೆಲ್ಲ ಇದೆ ಅದರಲ್ಲಿ:
ಸೈಬರ್ ಕೆಫೆ ಮುಚ್ಚಿದವರಿಂದ ತಂದ ಮಾನಿಟರು,
ಮಂಡಿಪೇಟೆಯ ಖಲಂದರ್ ಕೊಯ್ದುಕೊಟ್ಟ
ಒಂದು ಕಡೆಯಿಂದಷ್ಟೇ ಕಾಣುವ ಗಾಜು,
ಹಳೇ ಕಿಟಕಿಯ ತೇಗದ ಚೌಕಟ್ಟು,
ಬೆನ್ನಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಂಪ್ಯೂಟರು,
ಬಗಲಲ್ಲಿ ಸ್ಪೀಕರು, ನೆತ್ತಿಯಲ್ಲಿ ಬಿಂದಿಯಷ್ಟು ಮೈಕು.
ಹುಬ್ಬು ತೀಡಿಸಿಕೊಳ್ಳಲು ಕೂತವರ ಹಣೆಯ ಮೇಲೆ
ಗಂಟೆ, ಬಿಸಿಲು, ಮುಂದಿನ ಗಿರಾಕಿಯ ಹೆಸರು
ಬೆಳ್ಳಗೆ ಮೂಡುತ್ತವೆ.
ಕೇಳಿದರೆ ಮಾತ್ರ ಉತ್ತರವಿಲ್ಲ.
ಮೂಲೆಯಲ್ಲೊಂದು ನೀಲಿ ಬಳೆ ಗಿರ್ರನೆ ಸುತ್ತಿ
ಸಾಲ ಕೇಳಲು ಬಂದವರ ಮುಂದೆ ನಕ್ಕ ನಗೆಯ ಹಾಗೆ
ಆರಿಹೋಗುತ್ತದೆ.

ಮೂರು ಮಧ್ಯಾಹ್ನ ಹೋದವು.
ಗಿರಾಕಿ ಇಲ್ಲದ ಹೊತ್ತು ನೋಡಿ
ಐದೈದು ಸೆಕೆಂಡಿನ ರೆಕಾರ್ಡಿಂಗು ಮಾಡಿದೆ.
ಒಂದು: ಹಲೋ, ಕೇಳಸ್ತೈತಾ?
ನಾಲ್ಕು: ಏ, ಕೇಳಸ್ತೈತೇನೇ?
ಹನ್ನೊಂದು: ಕೇಳಸ್ತೈತಾ ಇಲ್ಲಾ, ಹೇಳಿ ಸಾಯಿ.
ಹದಿನೇಳರಲ್ಲಿ ಬರೀ ಉಸಿರು ಬಿಟ್ಟೆ.
ತಿರುಗಿಸಿ ಹಾಕಿದರೆ ಒಂದೂ ಕೇಳಲಿಲ್ಲ.
ಫೈಲುಗಳಿಗೆ ತೂಕವಿದೆ, ದನಿಯಿಲ್ಲ.
ಸ್ಪೀಕರು ಸುಟ್ಟಿದೆಯೆಂದು ಇನ್ನೊಂದು ತಂದೆ.
ಅದೂ ಮೂಕ.

ಕೊನೆಗೆ ಮೈಕ್‌ಸೆಟ್ ದಾದಾಪೀರ್ ಸಾಬರನ್ನು ಕರೆಸಿದೆ.
ನಲವತ್ತು ವರ್ಷ ಮದುವೆಗೆ, ಉರುಸಿಗೆ, ಎಲೆಕ್ಷನ್ನಿಗೆ
ಗಂಟಲು ಬಾಡಿಗೆ ಕೊಟ್ಟವರು;
ಕಂಪ್ಯೂಟರು ಮುಟ್ಟಿದವರಲ್ಲ.
ಕನ್ನಡಿ ಇಳಿಸಿ, ಕೂಸಿನ ಹಾಗೆ ಬೋರಲು ಮಲಗಿಸಿ
ವಯರುಗಳ ಮೇಲೆ ಬೆರಳಾಡಿಸಿದರು.
"ಮಾತು ಹೊಂಡಾಕ ಎಷ್ಟು ದಾರಿ ಅದಾವವ್ವ ಇದಕ್ಕ?"
ಎರಡು, ಅಂದೆ. ಕಾರ್ಡ್ ಸೊನ್ನೆ, ಕಾರ್ಡ್ ಒಂದು.
"ಸೊನ್ನಿ ಎತ್ಲಾಗ ಹೋಗತೈತಿ?"
ಈ ದಪ್ಪ ವಯರಲ್ಲಿ, ಮಾನಿಟರಿಗೆ.
"ಮಾನಿಟರಿಗೆ ಬಾಯಿ ಐತಾ?"
ಇಲ್ಲ.
"ಮತ್ತ, ಪಾಪ, ಅದು ಹೇಳಾಕತ್ತೈತಿ.
ಬಾಯಿಲ್ಲದವರ ಕೈಯಾಗ ಹೇಳಿ ಕಳಸಾಕತ್ತೈತಿ."

ಮಾನಿಟರಿನ ಬೆನ್ನಲ್ಲಿ ಧೂಳು ಕೂತ ಸಣ್ಣ ತೂತು.
ಇಯರ್‌ಫೋನು ಸಿಕ್ಕಿಸಿ
ಒಂದು ಕಿವಿ ಅವರಿಗೆ, ಒಂದು ನನಗೆ.

ಬಂತು.
ಪಕ್ಕದ ಮನೆಯ ಮಿಕ್ಸಿ, ದೂರದ ರೈಲು,
ಹಲೋ, ಕೇಳಸ್ತೈತಾ?
ನನ್ನದೇ ದನಿ, ನಾನೆಣಿಸಿದ್ದಕ್ಕಿಂತ ಒರಟು.
ಅದರ ಹಿಂದೆ, ಪರದೆಯಾಚೆಯ ಕೋಣೆಯಿಂದ, ಸಣ್ಣಗೆ:
ಕೇಳಸ್ತೈತವ್ವ.

ನಾಲ್ಕರಲ್ಲೂ. ಕೇಳಸ್ತೈತಿ.
ಹನ್ನೊಂದರಲ್ಲಿ: ಕೇಳಸ್ತೈತಿ, ಸಾಯಾಕ ಇನ್ನೂ ಟೈಮೈತಿ.
ಹದಿನೇಳರಲ್ಲಿ, ನನ್ನ ಉಸಿರಿನ ಬೆನ್ನಿಗೇ
ಇನ್ನೊಂದು ಉಸಿರು.

ನಮ್ಮತ್ತೆ ಕೊಟ್ರವ್ವ.
ಅವಳ ಎರಡೂ ಕಿವಿ ಹೋಗಿ ಮೂರು ವರ್ಷವಾಯಿತೆಂದು
ಬಂಧುಬಳಗಕ್ಕೆಲ್ಲ ಸಾರಿದವಳು ನಾನು.
ಆ ಮೂರು ವರ್ಷ ಅವಳೆದುರೇ ಕೂತು
ಗಿರಾಕಿಗಳ ಹತ್ತಿರ, ಗಂಡನ ಹತ್ತಿರ,
ಫೋನಿನಲ್ಲಿ ತವರಿನ ಹತ್ತಿರ
ಏನೇನು ಆಡಿದ್ದೆ.
ಅವಳ ಬಂಗಾರದ ಬಿಲ್ವಾರ ಯಾರಿಗೆ ಅಂತ.
ರಾತ್ರಿಯ ಅವಳ ಕೆಮ್ಮು.
ಅವಳು ಉಂಡ ರೊಟ್ಟಿಯ ಲೆಕ್ಕ.

ಸಾಬರು ತಮ್ಮ ಕಿವಿಯದನ್ನು ತೆಗೆದು
ಅಂಗಿಯ ಚುಂಗಿಗೆ ಒರೆಸಿ, ನನ್ನ ಕೈಗಿಟ್ಟು
"ಮೈಕು ಚೊಲೋ ಐತಿ" ಅಂದರು, ಅಷ್ಟೇ.

ಸೊನ್ನೆ ಅಳಿಸಿ ಒಂದು ಬರೆದೆ.
ಕನ್ನಡಿ ಬಾಯಿಬಿಟ್ಟಿತು.
"ದಾವಣಗೆರೆಯಲ್ಲಿ ಪ್ರಸ್ತುತ ಮೂವತ್ತಾರು ಡಿಗ್ರಿ ಉಷ್ಣಾಂಶವಿದೆ,"
ಯಾರ ಮನೆಯಲ್ಲೂ ಆಡದ ಕನ್ನಡದಲ್ಲಿ,
ಬೀದಿಗೆಲ್ಲ ಕೇಳುವ ಹಾಗೆ.

ಚಹಾ ಬೇಡವೆಂದು ಸಾಬರು ಹೋದರು.
ನಾನು ಪರದೆ ಸರಿಸಿದೆ.
ಅತ್ತೆ ಮೊರದ ತುಂಬ ಮಂಡಕ್ಕಿ ಹರವಿಕೊಂಡು
ಹರಳು ಆರಿಸುತ್ತ ಕೂತಿದ್ದರು.
"ಅತ್ತೀ," ಎಂದೆ, ಎಂದೂ ಕರೆಯದಷ್ಟು ಮೆತ್ತಗೆ,
"ಚಾ ಇಡಲೇನು?"

ಐದು ಸೆಕೆಂಡು.

ಅವರು ತಲೆ ಎತ್ತಲಿಲ್ಲ.
ಒಂದು ಹರಳು ಸಿಕ್ಕಿತು.
ಬೆಳಕಿಗೆ ಹಿಡಿದು ನೋಡಿ
ಪಕ್ಕಕ್ಕಿಟ್ಟರು.